ಚೌಕ ಕಲ್ಲಿಗೂ ಅಂಕುಡೊಂಕು ಕಲ್ಲಿಗೂ ಬೆಳ್ಳಿ ಕಟ್ಟು ಹಾಕುವುದು ಹೇಗೆ

ಉಂಗುರ, ಪದಕದಲ್ಲಿ ಕಲ್ಲನ್ನು ಹಿಡಿದಿಡಲು ರೆಡಿಯಾಗಿ ಸಿಗುವ ಬೆಳ್ಳಿ ಕಟ್ಟುಗಳು ಹೆಚ್ಚಾಗಿ ಗುಂಡು ಕಲ್ಲಿಗೆ, ಇಲ್ಲ ಮೊಟ್ಟೆಯಾಕಾರದ ಕಲ್ಲಿಗೆ ಆಗುವಂಥವು. ನಿಮ್ಮ ಹತ್ತಿರ ಇರುವುದು ಚೌಕ ಓನಿಕ್ಸ್, ಮೂರು ಮೂಲೆಯ ಲ್ಯಾಬ್ರಡೊರೈಟ್, ಅಥವಾ ಯಾವ ಆಕಾರ ಅಂತ ಹೇಳಲೂ ಬರದ ಒಂದು ಅಗೇಟ್ ಚೂರು ಆಗಿದ್ದರೆ ಕಟ್ಟನ್ನು ನೀವೇ ಮಾಡಿಕೊಳ್ಳಬೇಕು. ಕಷ್ಟ ಏನಿಲ್ಲ. ಆದರೆ ಗುಂಡು ಕಲ್ಲಿಗೆ ಮಾಡಿ ಅಭ್ಯಾಸ ಆದವರು ಅದೇ ಕೈಯಲ್ಲಿ ಚೌಕ ಕಲ್ಲು ಹಿಡಿದರೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಯಾಕೆ ಅಂತ ಮೊದಲು ತಿಳ್ಕೊಳ್ಳಿ, ಉಳಿದದ್ದೆಲ್ಲ ಸುಲಭ ಆಗುತ್ತದೆ. ಕಲ್ಲಿನ ಸುತ್ತ ನಿಲ್ಲಿಸುವ ಪಟ್ಟಿಗೆ ಬೆಜೆಲ್ ಅಂತಾರೆ. ಕಲ್ಲು ಕೂತ ಮೇಲೆ ಆ ಪಟ್ಟಿಯ ಮೇಲಂಚನ್ನು ಒಳಗೆ ಬಾಗಿಸುತ್ತೇವೆ. ಗುಂಡು ಕಲ್ಲಿನಲ್ಲಿ ಅಂಚು ಒಳಗೆ ಬಾಗಿದಾಗ ಅದರ ಸುತ್ತಳತೆ ಕಡಿಮೆ ಆಗಬೇಕು, ಹಾಗಾಗಿ ಬೆಳ್ಳಿ ಸುತ್ತಲೂ ಒಂದೇ ಸಮ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಚೌಕದಲ್ಲಿ ಹಾಗಲ್ಲ. ನೇರ ಬದಿಯಲ್ಲಿರುವ ಬೆಳ್ಳಿ ಸುಮ್ನೆ ಬಾಗುತ್ತದೆ, ಕುಗ್ಗುವ ಅಗತ್ಯವೇ ಇಲ್ಲ. ಕುಗ್ಗಬೇಕಾದ ಅಷ್ಟೂ ಬೆಳ್ಳಿ ನಾಲ್ಕು ಮೂಲೆಗೆ ಬಂದು ನಿಲ್ಲುತ್ತದೆ. ಅಲ್ಲಿ ಅದಕ್ಕೆ ಜಾಗ ಮಾಡಿಕೊಡದೆ ಇದ್ದರೆ ಸುಕ್ಕು ಬೀಳುತ್ತದೆ, ಇಲ್ಲ ಕಲ್ಲಿನ ಮೂಲೆ ಚಕ್ಕೆ ಏಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಯೋಚನೆ ಮಾಡಬೇಕಾದ್ದು ಮೂಲೆಯ ಬಗ್ಗೆ. ಬದಿಗಳು ತಾವಾಗೇ ಸರಿ ಹೋಗುತ್ತವೆ.

ಬೆಳ್ಳಿ ತರುವಾಗ

ಬೆಜೆಲ್ ಪಟ್ಟಿಗೆ ಚೊಕ್ಕ ಬೆಳ್ಳಿ, ಅಂದರೆ 999 ತಗೊಳ್ಳಿ. ತಳದ ತಗಡಿಗೂ ಉಂಗುರದ ಬಳೆಗೂ (ಬೆರಳ ಸುತ್ತ ಬರುವ ಭಾಗಕ್ಕೂ) 925, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ ಇರುವುದು, ಸಾಕು. ಚೊಕ್ಕ ಬೆಳ್ಳಿ ಮೆದು, ಬೆರಳಲ್ಲೇ ಬಾಗುತ್ತದೆ. ಅದು ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ಗೆ. 925ರಲ್ಲಿ ತಾಮ್ರ ಬೆರೆತಿರುವುದರಿಂದ ಅದು 800 ಡಿಗ್ರಿ ದಾಟುತ್ತಿದ್ದ ಹಾಗೆ ಮೆತ್ತಗಾಗಲು ಶುರುವಾಗಿ 893ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ತೆಳ್ಳಗಿನ ಪಟ್ಟಿಗೆ ಬೆಂಕಿ ತಾಗಿದಾಗ ಈ ವ್ಯತ್ಯಾಸ ನಿಮ್ಮನ್ನು ಕಾಪಾಡುತ್ತದೆ. ಇನ್ನೊಂದು ಲಾಭ, ಚೊಕ್ಕ ಬೆಳ್ಳಿಯಲ್ಲಿ ತಾಮ್ರ ಇಲ್ಲದ್ದರಿಂದ ಕಾಯಿಸಿದಾಗ ಅದು ಕಪ್ಪಾಗುವುದಿಲ್ಲ.

ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆ, ರಾಜಾ ಮಾರ್ಕೆಟ್ ಸುತ್ತಮುತ್ತ ಬೆಳ್ಳಿ ವ್ಯಾಪಾರ ತುಂಬಾ ಹಳೆಯದು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಎಲ್ಲವೂ ನಡೆಯುವ ದೂರ. ಅಲ್ಲಿಗೆ ಗಾಡಿ ತಗೊಂಡು ಹೋಗುವ ಯೋಚನೆ ಬೇಡ. ಅಂಗಡಿಯಲ್ಲಿ "ಅಣ್ಣಾ, 28 ಗೇಜ್ ತಗಡು ಕೊಡಿ" ಅಂತ ಕೇಳಬೇಡಿ, ಮಿಲಿಮೀಟರಿನಲ್ಲೇ ಕೇಳಿ. ಯಾಕಂದ್ರೆ ಯೂಟ್ಯೂಬಿನಲ್ಲಿ ಅಮೆರಿಕದವರು ಹೇಳುವ 28 ಗೇಜ್ ಅಂದರೆ 0.32 ಮಿ.ಮೀ., ನಮ್ಮಲ್ಲಿ ನಡೆಯುವ ಬ್ರಿಟಿಷ್ ಗೇಜಿನಲ್ಲಿ 28 ಅಂದರೆ 0.376 ಮಿ.ಮೀ. ನಮಗೆ ಬೇಕಾದ 0.3 ಮಿ.ಮೀ. ದಪ್ಪ ಬ್ರಿಟಿಷ್ ಲೆಕ್ಕದಲ್ಲಿ 30 ಗೇಜ್ ಹತ್ತಿರ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡುತ್ತೆ ಅಂತ ಅನ್ನಿಸಬಹುದು. ಮೂಲೆ ಬಾಗಿಸುವಾಗ ಅದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. 0.3 ಮಿ.ಮೀ. ಪಟ್ಟಿ ಹೇಳಿದ ಮಾತು ಕೇಳುತ್ತದೆ, 0.4 ಹಟ ಮಾಡುತ್ತದೆ.

ಖರ್ಚಿನ ಲೆಕ್ಕವೂ ಒಮ್ಮೆ ನೋಡಿಬಿಡಿ. 10 ಮಿ.ಮೀ. ಚೌಕ ಕಲ್ಲಿಗೆ 41 ಮಿ.ಮೀ. ಉದ್ದ, 4 ಮಿ.ಮೀ. ಎತ್ತರ, 0.3 ದಪ್ಪದ ಪಟ್ಟಿ ಬೇಕು. ಇದು ಸುಮಾರು ಅರ್ಧ ಗ್ರಾಂ. ತಳಕ್ಕೆ 14 ಮಿ.ಮೀ. ಚೌಕದ ಅರ್ಧ ಮಿ.ಮೀ. ತಗಡು ಇನ್ನೊಂದು ಗ್ರಾಂ. ಎಲ್ಲಾ ಸೇರಿ ಒಂದೂವರೆ ಗ್ರಾಂ ಬೆಳ್ಳಿ. ಅಷ್ಟನ್ನೂ ಮೊದಲು ತಾಮ್ರದ ತಗಡಿನಲ್ಲಿ ಮಾಡಿ ನೋಡಬಹುದು, ಅದಕ್ಕೂ ಇದೇ ಬೆಸುಗೆ ಹಿಡಿಯುತ್ತದೆ. ಉಳಿದ ಚೂರು, ಅರದ ಪುಡಿ ಯಾವುದನ್ನೂ ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ. ತೂಕಕ್ಕೆ ವಾಪಸ್ ತಗೊಳ್ಳುವವರು ಇದ್ದಾರೆ.

ಬೆಸುಗೆ ತಗೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೆಡಿಎಂ ಅನ್ನುವ ಹೆಸರು ಗೊತ್ತಲ್ವಾ, ಅದೇ ಕ್ಯಾಡ್ಮಿಯಂ. ಅದು 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ನಾವು ಬೆಸುಗೆ ಹಾಕುವ ಬಿಸಿಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆ ಹೊಗೆ ಶ್ವಾಸಕೋಶಕ್ಕೆ ವಿಷ. ಮನೆಯಲ್ಲಿ ಮಕ್ಕಳಿದ್ದರಂತೂ ಇದರಲ್ಲಿ ರಾಜಿ ಬೇಡವೇ ಬೇಡ. ಹಾರ್ಡ್, ಮೀಡಿಯಂ, ಈಜಿ ಅಂತ ಮೂರು ಬಗೆಯ ಬೆಸುಗೆ ಇರುತ್ತವೆ, ಒಂದಕ್ಕಿಂತ ಒಂದು ಕಡಿಮೆ ಬಿಸಿಗೆ ಹರಿಯುತ್ತವೆ. ಮೂರನ್ನೂ ಸ್ವಲ್ಪ ಸ್ವಲ್ಪ ತಂದು, ಬೇರೆ ಬೇರೆ ಡಬ್ಬಿಗೆ ಹಾಕಿ, ಹೆಸರು ಬರೆದಿಡಿ. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಇನ್ನು ಬಿಳಿಗಾರ (ಬೋರಾಕ್ಸ್), ಚಿಮಟ, ಚಪ್ಪಟೆ ಇಕ್ಕಳ, ಸಣ್ಣ ಅರಗಳ ಸೆಟ್, ಗರಗಸ, ಎಮರಿ ಪೇಪರ್, ಬೆಂಕಿ ತಡೆಯುವ ಒಂದು ಇಟ್ಟಿಗೆ. ಈ ಅಳತೆಯ ಕೆಲಸಕ್ಕೆ ಅಡುಗೆಮನೆಯಲ್ಲಿ ಬಳಸುವ ಬ್ಯುಟೇನ್ ಟಾರ್ಚ್ ಸಾಕು. ಫ್ಲಾಟ್‌ನ ಬಾಲ್ಕನಿಯಲ್ಲಿ ಕೂತರೆ ಗಾಳಿಗೆ ಜ್ವಾಲೆ ಓಲಾಡುತ್ತದೆ, ಬಿಸಿಲಿನಲ್ಲಿ ಬೆಳ್ಳಿಯ ಬಣ್ಣವೂ ಕಾಣುವುದಿಲ್ಲ. ಕಿಟಕಿ ತೆರೆದ, ಸ್ವಲ್ಪ ಮಬ್ಬು ಬೆಳಕಿನ ಕೋಣೆಯೇ ಸರಿ. ಕಾಟನ್ ಬಟ್ಟೆ ಹಾಕ್ಕೊಳ್ಳಿ, ಕೂದಲು ಕಟ್ಟಿಕೊಳ್ಳಿ, ಪಕ್ಕದಲ್ಲೊಂದು ಬಕೆಟ್ ನೀರಿರಲಿ.

ಕಲ್ಲನ್ನು ಓದುವುದು

ಪಟ್ಟಿ ಕತ್ತರಿಸುವ ಮುಂಚೆ ಕಲ್ಲನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ. 10 ಮಿ.ಮೀ. ಚೌಕ ಅಂತ ಕೊಟ್ಟಿರುತ್ತಾರೆ, ಅಳೆದರೆ ಒಂದು ಬದಿ 9.8, ಇನ್ನೊಂದು 10.1 ಇರುತ್ತದೆ. ಕೈಯಲ್ಲಿ ಉಜ್ಜಿದ ಕಲ್ಲು ಹಾಗೇ ಇರುವುದು, ಅದು ದೋಷವಲ್ಲ. ಆದರೆ ಒಂದು ದಿಕ್ಕಿನಲ್ಲಿ ಸರಿಯಾಗಿ ಕೂರುವ ಕಲ್ಲು ತಿರುಗಿಸಿದರೆ ಕೂರುವುದಿಲ್ಲ. ಅದಕ್ಕೆ ಕಲ್ಲಿನ ತಳಕ್ಕೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡಿ. ಪಟ್ಟಿಯ ಹೊರಗೂ ಅದೇ ಬದಿಗೆ ಒಂದು ಗೀರು ಹಾಕಿ.

ಆಮೇಲೆ ಎತ್ತರ. ಕಲ್ಲನ್ನು ಪಕ್ಕದಿಂದ ನೋಡಿದರೆ ನೆಟ್ಟಗೆ ನಿಂತ ಗೋಡೆ ಎಲ್ಲಿ ಮುಗಿದು ಗುಮ್ಮಟ ಎಲ್ಲಿ ಶುರುವಾಗುತ್ತೆ ಅಂತ ಕಾಣುತ್ತದೆ. ಆ ಗೆರೆಯಿಂದ ಮುಕ್ಕಾಲು ಮಿ.ಮೀ.ನಿಂದ ಒಂದು ಮಿ.ಮೀ. ಮೇಲಕ್ಕೆ ಪಟ್ಟಿ ಇದ್ದರೆ ಸಾಕು. ಜಾಸ್ತಿ ಇದ್ದಷ್ಟೂ ಗಟ್ಟಿ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಚೌಕ ಕಲ್ಲಿನಲ್ಲಿ ಇದು ಉಲ್ಟಾ. ಎತ್ತರ ಜಾಸ್ತಿ ಆದಷ್ಟೂ ಮೂಲೆಯಲ್ಲಿ ಕುಗ್ಗಬೇಕಾದ ಬೆಳ್ಳಿಯೂ ಜಾಸ್ತಿ, ಸುಕ್ಕೂ ಜಾಸ್ತಿ.

ಕಲ್ಲಿನ ಗಟ್ಟಿತನವೂ ಗೊತ್ತಿರಬೇಕು. ಗಟ್ಟಿತನ ಹೇಳುವ ಮೋಸ್ (Mohs) ಅಳತೆಯಲ್ಲಿ ಉಕ್ಕಿನ ಅರ ಸುಮಾರು 6.5. ಚಂದ್ರಕಾಂತ ಶಿಲೆ 6ರಿಂದ 6.5, ಟರ್ಕ್ವಾಯ್ಸ್ 5ರಿಂದ 6. ಅರ ಒಂದು ಸಲ ಜಾರಿದರೆ ಇವುಗಳ ಮೇಲೆ ಗೀರು ಖಂಡಿತ. ಅಗೇಟ್, ಅಮೆಥಿಸ್ಟ್ ಎಲ್ಲ ಸ್ಫಟಿಕದ ಜಾತಿ, ಸುಮಾರು 7 ಇರುತ್ತವೆ, ಅರಕ್ಕೆ ಜಗ್ಗುವುದಿಲ್ಲ. ಹಾಗಂತ ಧೈರ್ಯ ಮಾಡಿ ಎಮರಿ ಪೇಪರ್ ತಗೊಂಡು ಅಂಚು ಉಜ್ಜಿದರೆ ಅವೂ ಗೀರುತ್ತವೆ, ಯಾಕಂದ್ರೆ ಆ ಪೇಪರಿನ ಮೇಲಿರುವ ಪುಡಿ 9 ಅಥವಾ ಅದಕ್ಕಿಂತ ಗಟ್ಟಿ. ನಮ್ಮ ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ 9 ಇದೆ, ಅದೊಂದು ಸ್ವಲ್ಪ ತಡೆದೀತು. ಉಳಿದ ಯಾವ ಕಲ್ಲಾದರೂ ಕೊನೆಯ ಕೆಲಸದ ಹೊತ್ತಿಗೆ ಮೇಲೆ ಟೇಪ್ ಅಂಟಿಸಿಕೊಳ್ಳಿ.

ಲ್ಯಾಬ್ರಡೊರೈಟ್, ಚಂದ್ರಕಾಂತ ಎರಡೂ ಪದರಕ್ಕೆ ಸೀಳುವ ಗುಣದವು. ಇಂಥ ಕಲ್ಲಿನ ಚೂಪು ಮೂಲೆ ಕಂಡರೆ ಮಾರುವವರ ಹತ್ತಿರ ಮೂಲೆ ಸ್ವಲ್ಪ ಉಜ್ಜಿ ಗುಂಡಗೆ ಮಾಡಿದ ಕಲ್ಲಿದೆಯಾ ಅಂತ ಕೇಳಿ. ಮೊದಲ ಚೌಕ ಕಟ್ಟಿಗೆ ನಾನು ಹೇಳುವುದು ಓನಿಕ್ಸ್ ಅಥವಾ ಅಗೇಟ್. ಗಟ್ಟಿ, ಅಗ್ಗ, ಮೂಲೆಯೂ ತಡೆಯುತ್ತದೆ.

ಪಟ್ಟಿ ಬಾಗಿಸುವುದು

ಉದ್ದದ ಲೆಕ್ಕ ಹೀಗೆ. ಒಂದು ಕಾಗದದ ಪಟ್ಟಿಯನ್ನು ಕಲ್ಲಿನ ಸುತ್ತ ಬಿಗಿಯಾಗಿ ಸುತ್ತಿ ಗುರುತು ಮಾಡಿ. ಅದಕ್ಕೆ ತಗಡಿನ ದಪ್ಪದ ಮೂರರಷ್ಟಕ್ಕಿಂತ ಒಂಚೂರು ಜಾಸ್ತಿ ಸೇರಿಸಿ. 0.3 ಮಿ.ಮೀ. ತಗಡಿಗೆ ಅದು ಸುಮಾರು ಒಂದು ಮಿ.ಮೀ. ಆಯಿತು. ಚೆಂದ ಏನಂದ್ರೆ ಕಲ್ಲು ಗುಂಡಗಿರಲಿ, ಚೌಕ ಇರಲಿ, ಸೊಟ್ಟಗಿರಲಿ, ಈ ಸೇರಿಸುವ ಅಳತೆ ಬದಲಾಗುವುದಿಲ್ಲ. ಸುತ್ತು ಬಂದು ಸೇರುವಷ್ಟರಲ್ಲಿ ಪಟ್ಟಿ ಒಟ್ಟು ತಿರುಗುವುದು ಯಾವಾಗಲೂ ಒಂದೇ ಪೂರ್ತಿ ಸುತ್ತು, ಅದಕ್ಕೇ. ಕತ್ತರಿಸುವಾಗ ಇನ್ನೊಂದು ಮಿ.ಮೀ. ಬಿಟ್ಟು ಕತ್ತರಿಸಿ, ಆಮೇಲೆ ಅರದಿಂದ ತೆಗೆಯಬಹುದು.

ಪಟ್ಟಿಯನ್ನು ಮೊದಲು ಕಾಯಿಸಿ ಹದ ಮಾಡಿ. ಮಬ್ಬು ಬೆಳಕಿನಲ್ಲಿ ಮಂಕು ಕೆಂಪು ಬಣ್ಣ ಕಾಣುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಬೆಳ್ಳಿ ಮೆತ್ತಗಾಗುತ್ತದೆ. ಆಮೇಲೆ ಸ್ಕೇಲ್ ಇಟ್ಟು ನಾಲ್ಕೂ ಮೂಲೆಗೆ ಒಂದೇ ಸಲ ಗುರುತು ಹಾಕಬೇಡಿ. ಎಲ್ಲರೂ ಮೊದಲು ಮಾಡುವುದು ಇದನ್ನೇ, ಆದರೆ ಕಲ್ಲಿನ ಬದಿಗಳು ಸಮ ಇಲ್ಲ ಅಂತ ಈಗಷ್ಟೇ ನೋಡಿದೆವಲ್ವಾ. ಬದಲಿಗೆ ಪಟ್ಟಿಯ ಒಂದು ತುದಿಯನ್ನು ಕಲ್ಲಿನ ಒಂದು ಬದಿಯ ನಡುವಿನಿಂದ ಸ್ವಲ್ಪ ಆಚೆ ಇಟ್ಟು, ಮೊದಲ ಮೂಲೆ ಎಲ್ಲಿ ಬರುತ್ತದೋ ಅಲ್ಲಿ ಸೂಜಿಯಿಂದ ಗೀರು ಹಾಕಿ, ಚಪ್ಪಟೆ ಇಕ್ಕಳದ ಅಂಚನ್ನು ಆ ಗೀರಿಗೆ ಸರಿಯಾಗಿ ಹಿಡಿದು, ಹೆಬ್ಬೆರಳಿನಿಂದ ಪಟ್ಟಿಯನ್ನು ಇಕ್ಕಳಕ್ಕೆ ಒತ್ತಿ ಬಾಗಿಸಿ, ಕಲ್ಲನ್ನು ಆ ಮೂಲೆಗೆ ಕೂರಿಸಿ, ಎರಡನೇ ಮೂಲೆ ಎಲ್ಲಿ ಬರುತ್ತೆ ಅಂತ ಆಮೇಲೆ ಗೀರು ಹಾಕಿ. ಹೀಗೆ ಒಂದೊಂದೇ ಮೂಲೆ, ಪ್ರತಿ ಸಲ ಕಲ್ಲನ್ನೇ ಕೇಳಿ ಮುಂದೆ ಹೋಗುವುದು. ನಿಧಾನ ಅನ್ನಿಸಿದರೂ ಕೊನೆಗೆ ಕಲ್ಲು ಟಕ್ ಅಂತ ಕೂರುತ್ತದೆ.

ಒಂದು ಮೂಲೆಯನ್ನು ಒಂದೇ ಸಲ ಬಾಗಿಸಿ. ಬಿಡಿಸಿ ಮತ್ತೆ ಬಾಗಿಸಿದರೆ ಅದೇ ಗೆರೆಯಲ್ಲಿ ಬಿರುಕು ಬರುತ್ತದೆ. ಗುರುತು ತಪ್ಪಿದ್ದರೆ ಮತ್ತೆ ಕಾಯಿಸಿ ಹದ ಮಾಡಿ ಆಮೇಲೆ ಕೈ ಹಾಕಿ.

0.5 ಮಿ.ಮೀ.ಗಿಂತ ದಪ್ಪ ತಗಡಾದರೆ ಇಷ್ಟು ಸುಲಭ ಬಾಗುವುದಿಲ್ಲ, ಮೂಲೆ ಗುಂಡಗಾಗಿಬಿಡುತ್ತದೆ. ಅಲ್ಲಿ ಒಳಬದಿಗೆ ಕಾಲುವೆ ಕೊರೆಯಬೇಕು. ಚೌಕ ಅರವನ್ನು ಅದರ ಮೂಲೆಯ ಮೇಲೆ ನಿಲ್ಲಿಸಿ ಉಜ್ಜಿದರೆ 90 ಡಿಗ್ರಿಯ ಕಾಲುವೆ ಬೀಳುತ್ತದೆ, ಬಾಗಿಸಿದಾಗ ಅದರ ಎರಡು ಗೋಡೆ ಸರಿಯಾಗಿ ಕೂಡಿಕೊಳ್ಳುತ್ತವೆ. ಮುಕ್ಕಾಲು ಭಾಗ ಆಳಕ್ಕೆ ಹೋಗಿ, ಹಿಂಬದಿಯಲ್ಲಿ ಸಣ್ಣ ಗೆರೆ ಉಬ್ಬಿ ಕಂಡರೆ ನಿಲ್ಲಿಸಿ. ಆರು ಮೂಲೆಯ ಕಲ್ಲಿಗೆ ತ್ರಿಕೋನ ಅರವೇ ಸರಿ, ಅದರ 60 ಡಿಗ್ರಿ ಮೂಲೆ ಅಲ್ಲಿನ ತಿರುವಿಗೆ ಸಮ. ಮೂರು ಮೂಲೆಯ ಕಲ್ಲಿನಲ್ಲಿ ಮಾತ್ರ ತಿರುವು 120 ಡಿಗ್ರಿ, ಚೌಕ ಅರವನ್ನು ಆ ಕಡೆ ಈ ಕಡೆ ಓರೆ ಮಾಡಿ ಕಾಲುವೆಯನ್ನು ಅಗಲ ಮಾಡಿಕೊಳ್ಳಬೇಕು. ಬಾಗಿಸಿದ ಮೇಲೆ ಕಾಲುವೆಯ ಒಳಗೆ ಹಾರ್ಡ್ ಬೆಸುಗೆ ಹರಿಸುವುದನ್ನು ಮರೆಯಬೇಡಿ. ಕೊರೆದ ಜಾಗದಲ್ಲಿ ಉಳಿದಿರುವ ಬೆಳ್ಳಿ ಕಾಗದದಷ್ಟೇ ತೆಳುವು.

ಪಟ್ಟಿಯ ಎರಡು ತುದಿ ಸೇರುವ ಜಾಗ ಮೂಲೆಯಲ್ಲಿ ಬರಬಾರದು ಅನ್ನುವುದು ನನ್ನ ಪಕ್ಷ. ಎರಡು ಎಲ್ ಆಕಾರದ ತುಂಡು ಮಾಡಿ ಎದುರು ಬದುರು ಮೂಲೆಯಲ್ಲಿ ಬೆಸೆಯುವವರೂ ಇದ್ದಾರೆ, ಚೂಪು ಮೂಲೆ ಬರುತ್ತದೆ, ನಿಜ. ಆದರೆ ಕೊನೆಗೆ ಜಾಸ್ತಿ ಒತ್ತಡ ಬೀಳುವುದೇ ಮೂಲೆಗೆ, ಬೆಸುಗೆ ಬಾಯಿ ಬಿಡುವುದೂ ಅಲ್ಲೇ. ನೇರ ಬದಿಯಲ್ಲಿ ಬೆಸೆದರೆ ಅಲ್ಲಿ ಒತ್ತಡ ಕಡಿಮೆ, ಅರ ಹಾಕಿ ನಯ ಮಾಡುವುದೂ ಸುಲಭ.

ಬೆಸುಗೆ

ಎರಡು ತುದಿಯನ್ನೂ ಅರದಿಂದ ನೆಟ್ಟಗೆ ಮಾಡಿ, ಒಂದನ್ನು ಇನ್ನೊಂದರ ಆಚೆ ಸ್ವಲ್ಪ ತಳ್ಳಿ, ವಾಪಸ್ ತಂದು ಎದುರು ಬದುರು ನಿಲ್ಲಿಸಿ. ಆಗ ಅವು ತಾವೇ ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಬೆಸುಗೆ ಹಿಡಿಯುವುದಿಲ್ಲ, ಯಾಕಂದ್ರೆ ಬೆಸುಗೆ ಸಂದಿ ತುಂಬುವ ವಸ್ತು ಅಲ್ಲ, ತಾಗಿಕೊಂಡಿರುವ ಎರಡು ಮೈ ನಡುವೆ ಹರಿಯುವ ವಸ್ತು. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ಒಂದು ಸಣ್ಣ ಚೂರು ಹಾರ್ಡ್ ಬೆಸುಗೆಯನ್ನು ಸೇರುವ ಜಾಗದ ಕೆಳಗಿಟ್ಟು ಕಾಯಿಸಿ. ಮೊದಲು ಬಿಳಿಗಾರ ಉಬ್ಬಿ ಬೆಳ್ಳಗಾಗುತ್ತದೆ, ಆಮೇಲೆ ಇಳಿದು ಗಾಜಿನಂತೆ ಹೊಳೆಯುತ್ತದೆ, ಅದಾದ ಮೇಲೆ ಬೆಸುಗೆ ಫಳ್ ಅಂತ ಮಿಂಚಿ ಸಂದಿಯೊಳಗೆ ಓಡುತ್ತದೆ. ಆ ಕ್ಷಣಕ್ಕೆ ಬೆಂಕಿ ತೆಗೆಯಿರಿ.

ಈಗ ಕಲ್ಲನ್ನು ಇಟ್ಟು ನೋಡಿ. ಒತ್ತದೆ ಒಳಗೆ ಇಳಿಯಬೇಕು, ಅಲುಗಾಡಿಸಿದರೆ ಕಟಕಟ ಅನ್ನಬಾರದು. ಕೂದಲೆಳೆ ಚಿಕ್ಕದಾಗಿದ್ದರೆ ಚೌಕ ಕಬ್ಬಿಣದ ಸರಳಿನ ಮೇಲೆ ಹಾಕಿ ಬದಿಗಳನ್ನು ಹಗುರಾಗಿ ತಟ್ಟಿದರೆ ಬೆಳ್ಳಿ ಹಿಗ್ಗುತ್ತದೆ. ದೊಡ್ಡದಾಗಿದ್ದರೆ ಬೆಸೆದ ಜಾಗದಲ್ಲೇ ಕತ್ತರಿಸಿ ಸ್ವಲ್ಪ ತೆಗೆದು ಮತ್ತೆ ಬೆಸೆಯಿರಿ. ಇರಲಿ ಬಿಡು, ಒತ್ತಿದರೆ ಸರಿ ಹೋಗುತ್ತೆ ಅಂತ ಸಡಿಲ ಕಟ್ಟನ್ನು ಮುಂದಕ್ಕೆ ತಗೊಂಡು ಹೋಗಬೇಡಿ. ಗುಂಡು ಕಲ್ಲಿನಲ್ಲಿ ಅದು ನಡೆಯುತ್ತದೆ. ಚೌಕದಲ್ಲಿ ಕಲ್ಲು ಒಂದು ಬದಿಗೆ ಸರಿದು ನಿಂತರೆ ನೋಡಿದವರಿಗೆಲ್ಲ ಸೊಟ್ಟ ಕಾಣುತ್ತದೆ.

ಕಲ್ಲು ಸಿಕ್ಕಿಕೊಂಡು ಹೊರಗೆ ಬರದೆ ಇರುವುದು ಚೌಕ ಕಟ್ಟಿನಲ್ಲಿ ಮಾಮೂಲು. ಅದಕ್ಕೆ ತಳದ ತಗಡು ಬೆಸೆದ ಮೇಲೆ ಕಲ್ಲು ಇಟ್ಟು ನೋಡುವಾಗಲೆಲ್ಲ ಕೆಳಗೆ ಒಂದು ಗಟ್ಟಿ ನೂಲನ್ನು ಅಡ್ಡ ಹಾಕಿಡಿ, ಎರಡು ತುದಿ ಎತ್ತಿದರೆ ಕಲ್ಲು ಮೇಲೆ ಬರುತ್ತದೆ. ಹಲ್ಲುಜ್ಜಲು ಬಳಸುವ ಫ್ಲಾಸ್ ಇದ್ದರೆ ಇನ್ನೂ ಒಳ್ಳೆಯದು.

ತಳಕ್ಕೆ ಬೆಸೆಯುವ ಮುಂಚೆ ಎಮರಿ ಪೇಪರನ್ನು ಗಾಜಿನ ಮೇಲೆ ಇಟ್ಟು ಪಟ್ಟಿಯ ಕೆಳಗಿನ ಅಂಚನ್ನು ಕನ್ನಡದ ೮ ಬರೆದ ಹಾಗೆ ಅಲ್ಲ, ಇಂಗ್ಲಿಷಿನ 8 ಬರೆದ ಹಾಗೆ ತಿರುಗಿಸುತ್ತಾ ಉಜ್ಜಿ. ಸಮತಟ್ಟಾಗುವುದು ಕೊನೆಗೆ ಮೂಲೆಗಳೇ, ಬಾಗಿಸಿದಾಗ ಅವು ಸ್ವಲ್ಪ ಮೇಲೆದ್ದಿರುತ್ತವೆ. ತಗಡಿನ ಮೇಲೆ ಇಟ್ಟು, ಹಿಂದೆ ದೀಪ ಹಿಡಿದು ನಾಲ್ಕೂ ಮೂಲೆಯ ಕೆಳಗೆ ಬೆಳಕು ಬರುತ್ತಾ ನೋಡಿ. ಮೀಡಿಯಂ ಬೆಸುಗೆಯ ಚೂರುಗಳನ್ನು ಒಳಬದಿಯಲ್ಲಿ, ಮೂಲೆಗೆ ಹತ್ತಿರ ಇಡಿ. ಬೆಂಕಿಯನ್ನು ಪಟ್ಟಿಗೆ ತೋರಿಸಬೇಡಿ, ತಗಡಿನ ಸುತ್ತ ತಿರುಗಿಸಿ. ತಗಡು ದೊಡ್ಡದು, ನಿಧಾನ ಕಾಯುತ್ತದೆ. ಪಟ್ಟಿ ತೆಳ್ಳಗೆ, ಬೇಗ ಕಾಯುತ್ತದೆ. ಬೆಸುಗೆ ಯಾವ ಕಡೆ ಬಿಸಿ ಜಾಸ್ತಿಯೋ ಆ ಕಡೆ ಓಡುತ್ತದೆ, ಪಟ್ಟಿ ಮೊದಲು ಕಾದರೆ ಅದರ ಗೋಡೆ ಹತ್ತಿಬಿಡುತ್ತದೆ, ತಳ ಬಿಟ್ಟುಕೊಂಡೇ ಇರುತ್ತದೆ. ಉಂಗುರದ ಬಳೆ ಅಥವಾ ಪದಕದ ಕೊಂಡಿಯನ್ನು ಕೊನೆಯಲ್ಲಿ ಈಜಿ ಬೆಸುಗೆಯಿಂದ ಹಚ್ಚಿ.

ಬೆಸುಗೆ ಆದ ಮೇಲೆ ಬಿಸಿ ನೀರಿಗೆ ಸಿಟ್ರಿಕ್ ಆಸಿಡ್ ಹಾಕಿ ಅದರಲ್ಲಿ ನೆನೆಸಿದರೆ ಬಿಳಿಗಾರದ ಗಾಜು, ಕಪ್ಪು ಎಲ್ಲ ಬಿಡುತ್ತದೆ. ಪಟಿಕದ ನೀರೂ ಆಗುತ್ತದೆ. ಕಬ್ಬಿಣದ ಚಿಮಟ ಅದರೊಳಗೆ ಹಾಕಬಾರದು, ಬೆಳ್ಳಿಯ ಮೇಲೆ ತಾಮ್ರದ ಬಣ್ಣ ಕೂರುತ್ತದೆ. ಪ್ಲಾಸ್ಟಿಕ್ ಅಥವಾ ತಾಮ್ರದ್ದು ಬಳಸಿ. ಇದೆಲ್ಲ ಕಲ್ಲು ಇಡುವ ಮುಂಚೆ ಮುಗಿಯಬೇಕು. ಕಲ್ಲು ಕೂತ ಮೇಲೆ ಬೆಂಕಿಯೂ ಇಲ್ಲ, ಹುಳಿಯೂ ಇಲ್ಲ.

ಒಂದು ಮಾತು, ನಮ್ಮಲ್ಲಿ ತುಂಬಾ ಜನ ಕಲ್ಲು ಮೈಗೆ ತಾಗಬೇಕು ಅಂತ ಕೇಳುತ್ತಾರೆ. ಜಾತಕ ನೋಡಿಸಿ ಪಚ್ಚೆಯನ್ನೋ ಹವಳವನ್ನೋ ತಂದವರಿಗೆ ಅದು ಮುಖ್ಯ. ಅಂಥ ಕಟ್ಟಿಗೆ ತಳದ ತಗಡಿನ ನಡುವೆ ಗರಗಸದಿಂದ ಚೌಕ ತೆರಪು ಕೊಯ್ದು, ಸುತ್ತ ಒಂದೂವರೆ ಮಿ.ಮೀ. ಅಂಚು ಉಳಿಸಿ. ಪಾರದರ್ಶಕ ಕಲ್ಲಿಗೆ ಬೆಳಕೂ ಬರುತ್ತದೆ, ಬೆಸುಗೆ ಹಾಕುವಾಗ ತಗಡು ಸೊಟ್ಟಗಾಗುವುದೂ ಕಡಿಮೆ.

ಮೂಲೆ ಮುಚ್ಚುವುದು

ಇಲ್ಲಿಗೆ ಬಂದ ಮೇಲೆ ಅವಸರ ಬೇಡ. ಮೊದಲು ಕಟ್ಟಿನ ಒಳಗೆ, ತಳದಲ್ಲಿ, ನಾಲ್ಕು ಮೂಲೆಯನ್ನೂ ಕೊರೆಯುವ ಸಣ್ಣ ಗುಂಡು ಮೊನೆಯಿಂದ, ಅಂದರೆ ಬರ್‌ನಿಂದ ಒಂಚೂರು ಕೊರೆಯಿರಿ. ಕಲ್ಲಿನ ಮೂಲೆ ಬೆಳ್ಳಿಗೆ ತಾಗದೆ ಗಾಳಿಯಲ್ಲಿ ನಿಲ್ಲಬೇಕು. ಬದಿಗಳು ಭಾರ ಹೊರಲಿ. ಚೂಪು ಮೂಲೆಯ ಕಲ್ಲು ಒಡೆಯುವುದು ಮೇಲಿನಿಂದ ಒತ್ತಿದ್ದಕ್ಕಿಂತ ಜಾಸ್ತಿ, ಕೆಳಗೆ ಬೆಸುಗೆಯ ಒಂದು ಸಣ್ಣ ಗುಡ್ಡೆ ಮೂಲೆಗೆ ಒತ್ತಿಕೊಂಡಿದ್ದಕ್ಕೆ.

ಮೇಲಂಚಿಗೆ ಎರಡು ದಾರಿ ಇದೆ. ಕಲ್ಲಿನ ಮೂಲೆ ಗುಂಡಗಿದ್ದರೆ ಪಟ್ಟಿಯ ಮೂಲೆಯನ್ನು ಹೊರಗಿನಿಂದ ಅರ ಹಾಕಿ ಸ್ವಲ್ಪ ತೆಳು ಮಾಡಿ, ಹಾಗೇ ಒತ್ತಿ ಕುಗ್ಗಿಸಬಹುದು. ಮೂಲೆ ಚೂಪಾಗಿದ್ದರೆ ಕೊಯ್ಯಬೇಕು. ಗುಮ್ಮಟ ಶುರುವಾಗುವ ಗೆರೆಯವರೆಗೆ, ಅದಕ್ಕಿಂತ ಕೆಳಗೆ ಹೋಗದ ಹಾಗೆ, ಮೂಲೆಯ ಮಡಿಕೆಯ ಮೇಲೆ ಗರಗಸದಿಂದ ಒಂದು ಸೀಳು ಮಾಡಿ, ಅದನ್ನು ಸಣ್ಣ ಅರದಿಂದ ಕಿರಿದಾದ ವಿ ಆಕಾರಕ್ಕೆ ತನ್ನಿ. ಬದಿಗಳನ್ನು ಒಳಗೆ ಬಾಗಿಸಿದಾಗ ಆ ವಿ ಮುಚ್ಚಿಕೊಂಡು ಕೂದಲಿನಷ್ಟು ಸಣ್ಣ ಗೆರೆ ಉಳಿಯುತ್ತದೆ, ಫೋಟೋ ಫ್ರೇಮಿನ ಮೂಲೆಯ ಹಾಗೆ. ವಿ ಎಷ್ಟು ಅಗಲ ಇರಬೇಕು ಅನ್ನುವುದು ಕಲ್ಲಿನ ಗುಮ್ಮಟ ಎಷ್ಟು ಇಳಿಜಾರು ಅನ್ನುವುದರ ಮೇಲೆ ನಿಂತಿದೆ. ಮೊದಲು ಕಡಿಮೆ ಕೊಯ್ಯಿರಿ, ಒತ್ತಿ ನೋಡಿ, ಬೆಳ್ಳಿ ಒಂದರ ಮೇಲೊಂದು ಹತ್ತುತ್ತಿದ್ದರೆ ಇನ್ನಷ್ಟು ತೆಗೆಯಿರಿ. ಜಾಸ್ತಿ ಕೊಯ್ದರೆ ಸಂದಿ ಹಾಗೇ ಉಳಿದುಬಿಡುತ್ತದೆ.

ಒತ್ತುವ ಕ್ರಮ ಇದರಷ್ಟೇ ಮುಖ್ಯ. ಕೆಲಸವನ್ನು ಅರಗಿನ ಕಡ್ಡಿಯ ಮೇಲೋ ಮರದ ಉಂಗುರ ಹಿಡಿಕೆಯಲ್ಲೋ ಗಟ್ಟಿಯಾಗಿ ಕೂರಿಸಿ. ಬಿಸಿ ತಡೆಯದ ಓಪಲ್ ಥರದ ಕಲ್ಲಾದರೆ ಅರಗು ಬೇಡ, ಮರವೇ ಇರಲಿ. ಕೊಯ್ಯದ ಗುಂಡು ಮೂಲೆಯಾದರೆ ಮೂಲೆಯಿಂದಲೇ ಶುರು ಮಾಡಿ. ಒಂದು ಮೂಲೆ ಒತ್ತಿದ ಮೇಲೆ ಅದರ ಪಕ್ಕದ್ದಲ್ಲ, ಎದುರಿನ ಮೂಲೆ, ಆಮೇಲೆ ಉಳಿದೆರಡು. ಪೂರ್ತಿ ಮುಚ್ಚಬೇಡಿ, ಅರ್ಧ ಬಾಗಿದರೆ ಸಾಕು, ಮತ್ತೆ ಒಂದು ಸುತ್ತು ಬನ್ನಿ. ಬದಿಗಳನ್ನು ಮೊದಲು ಒತ್ತಿದರೆ ಹೆಚ್ಚುವರಿ ಬೆಳ್ಳಿಯೆಲ್ಲ ಮೂಲೆಗೆ ಓಡಿ ಕಿವಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಅದನ್ನು ಆಮೇಲೆ ಎಷ್ಟು ಒತ್ತಿದರೂ ಮಲಗುವುದಿಲ್ಲ. ವಿ ಕೊಯ್ದಿದ್ದರೆ ಎದುರು ಬದುರು ಬದಿಗಳನ್ನು ಜೋಡಿ ಜೋಡಿಯಾಗಿ ತಳ್ಳಿಕೊಂಡು ಬಂದು ಕೊನೆಗೆ ಮೂಲೆಯ ಗೆರೆಯನ್ನು ನಯವಾದ ಉಕ್ಕಿನ ಕಡ್ಡಿಯಿಂದ ತಿಕ್ಕಿ ಮುಚ್ಚಿ. ಒತ್ತುವ ಕಡ್ಡಿಯ ತುದಿಯಲ್ಲಿ ಒಂದು ಸಣ್ಣ ಮುಳ್ಳಿದ್ದರೂ ಬೆಳ್ಳಿಯಲ್ಲಿ ಅಚ್ಚು ಬೀಳುತ್ತದೆ, ಮೊದಲೇ ಉಜ್ಜಿ ಹೊಳಪು ಮಾಡಿಟ್ಟುಕೊಳ್ಳಿ.

ಸಣ್ಣ ಸಣ್ಣ ಮುಖಗಳಾಗಿ ಕೊಯ್ದ ಚೌಕ ಕಲ್ಲು, ಪ್ರಿನ್ಸೆಸ್ ಕಟ್ ಅಂತ ಸಿಗುತ್ತಲ್ಲ, ಅದಕ್ಕೆ ತೆಳು ಪಟ್ಟಿ ಆಗುವುದಿಲ್ಲ. 0.8 ಮಿ.ಮೀ. ದಪ್ಪದ ಗೋಡೆ ಬೇಕು, ಅದರೊಳಗೆ ಕಲ್ಲು ಕೂರಲು ಮೆಟ್ಟಿಲು ಕೊರೆಯಬೇಕು. 8 ಮಿ.ಮೀ. ಕಲ್ಲಾದರೆ ಒಳಗಿನ ತೆರಪು 7.4 ಇರಲಿ, ಎರಡೂ ಕಡೆ 0.3 ಮಿ.ಮೀ. ಮೆಟ್ಟಿಲಿಗೆ ಸಿಗುತ್ತದೆ. ಪ್ರಾಂಗ್, ಅಂದರೆ ಕಲ್ಲನ್ನು ಹಿಡಿಯುವ ಬೆಳ್ಳಿ ಉಗುರು, ಇಡುವುದಾದರೆ ಮೂಲೆಯನ್ನು ಎರಡೂ ಬದಿಯಿಂದ ತಬ್ಬಿಕೊಳ್ಳುವ ವಿ ಆಕಾರದ್ದೇ ಆಗಬೇಕು, ಗುಂಡು ತಂತಿಯ ಪ್ರಾಂಗ್ ಚೂಪು ಮೂಲೆಯನ್ನು ಕಾಯುವುದಿಲ್ಲ. ಪಚ್ಚೆಯನ್ನು ಮೂಲೆ ಕತ್ತರಿಸಿದ ಆಯತಕ್ಕೆ ಕೊಯ್ಯುವುದೂ ಇದಕ್ಕೇ, ಆ ಕತ್ತರಿಸಿದ ಮೂಲೆಗೆ ಪ್ರಾಂಗ್ ಚೆನ್ನಾಗಿ ಕೂರುತ್ತದೆ, ಚಕ್ಕೆ ಏಳುವ ಭಯ ಕಡಿಮೆ.

ಆಕಾರವೇ ಇಲ್ಲದ ಕಲ್ಲು

ನನಗೆ ಇದೇ ಜಾಸ್ತಿ ಇಷ್ಟ. ಇಲ್ಲಿ ಒಂದು ವಿಷಯ ಚೌಕಕ್ಕಿಂತ ಬೇರೆ. ಕಲ್ಲಿನ ಅಂಚು ಒಳಗೆ ತಗ್ಗಿರುವ ಜಾಗ ಇರುತ್ತಲ್ಲ, ಗೋಡಂಬಿಯ ಹೊಟ್ಟೆಯ ಕಡೆ ಇರುವಂಥದ್ದು, ಅಲ್ಲಿ ಪಟ್ಟಿಯ ಮೇಲಂಚು ಬಾಗುವಾಗ ಕುಗ್ಗಬೇಕಾಗಿಲ್ಲ, ಹಿಗ್ಗಬೇಕು. ಅದಕ್ಕೆ ಆ ತಗ್ಗಿನಲ್ಲಿ ಪಟ್ಟಿಯ ಎತ್ತರ ಉಳಿದ ಕಡೆಗಿಂತ ಕಡಿಮೆ ಇಟ್ಟು, ಒತ್ತುವುದನ್ನು ಅಲ್ಲಿಂದಲೇ ಶುರು ಮಾಡಿ. ಸುತ್ತಲಿನ ಅಂಚು ಇನ್ನೂ ಸಡಿಲ ಇರುವಾಗ ಬೆಳ್ಳಿ ಆ ಕಡೆಗೆ ಬರುತ್ತದೆ, ಎಲ್ಲಾ ಕಡೆ ಬಿಗಿಯಾದ ಮೇಲೆ ಬರುವುದಿಲ್ಲ.

ಕಲ್ಲಿನ ದಪ್ಪ ಒಂದು ಕಡೆ 3, ಇನ್ನೊಂದು ಕಡೆ 6 ಮಿ.ಮೀ. ಇದ್ದರೆ ಎತ್ತರದ ಪಟ್ಟಿಯಿಂದಲೇ ಕಟ್ಟು ಮಾಡಿ, ಕಲ್ಲು ಒಳಗಿಟ್ಟು, ಹೊರಗಿನಿಂದ ಮಾರ್ಕರ್‌ನಲ್ಲಿ ಏರಿಳಿಯುವ ಗೆರೆ ಬರೆದು, ಕಲ್ಲು ತೆಗೆದು ಆ ಗೆರೆಗೆ ಕತ್ತರಿಸಿ. ತಳ ಉಬ್ಬುತಗ್ಗಾಗಿದ್ದು ಕಲ್ಲು ತೂಗಾಡಿದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡನ್ನು ಕತ್ತರಿಸಿ ಕೆಳಗೆ ಇಡಬಹುದು. ಮರದ ಪುಡಿ ತುಂಬುವವರಿದ್ದಾರೆ, ಆದರೆ ಕೈ ತೊಳೆದಾಗಲೆಲ್ಲ ನೀರು ಕುಡಿದು ಉಬ್ಬುತ್ತದೆ.

ಉಜ್ಜದ ಹರಳು, ಡೆಕ್ಕನ್ ಬಸಾಲ್ಟಿನಿಂದ ಬರುವ ಅಪೊಫಿಲೈಟ್ ಥರದ್ದು, ಸುತ್ತ ಪಟ್ಟಿ ಕಟ್ಟಿದರೆ ಅದರ ಚೆಂದವೇ ಹೋಗುತ್ತದೆ. ಅವಕ್ಕೆ 1 ಮಿ.ಮೀ. ತಂತಿಯ ಪ್ರಾಂಗ್ ಸಾಕು. ಚಾಚಿಕೊಂಡ ತುದಿಗಳ ಮೇಲಲ್ಲ, ತಗ್ಗುಗಳಲ್ಲಿ ಇಡಿ, ಆಗ ಕಲ್ಲು ಯಾವ ಕಡೆಯೂ ಜಾರುವುದಿಲ್ಲ. ಒಂದು ಪ್ರಾಂಗಿಗೆ ಎದುರಾಗಿ ಇನ್ನೊಂದು ಇರಲೇಬೇಕು, ಇಲ್ಲದಿದ್ದರೆ ಒತ್ತಿದಾಗ ಕಲ್ಲು ಆಚೆ ತಳ್ಳಿಕೊಳ್ಳುತ್ತದೆ. ಅಪೊಫಿಲೈಟ್ ಮೆದು, ಬೇಗ ಸೀಳುತ್ತದೆ, ಉಂಗುರಕ್ಕೆ ಬೇಡ. ಪದಕಕ್ಕೆ, ಓಲೆಗೆ ಸರಿ.

ಕೊನೆಯ ಹೊಳಪಿಗೆ ಅಂಟುವಾಳದ ನೊರೆ ಮತ್ತು ಮೆತ್ತನೆಯ ಹಿತ್ತಾಳೆ ಬ್ರಷ್ ಸಾಕು, ಅಕ್ಕಸಾಲಿಗರು ಇಂದಿಗೂ ಬಳಸುತ್ತಾರೆ. ಬ್ರಷ್ ಬೆಳ್ಳಿಯ ಮೇಲೆ ಮಾತ್ರ ಆಡಲಿ, ಮೆದು ಕಲ್ಲಾದರೆ ಟೇಪ್ ತೆಗೆಯಬೇಡಿ. ಟರ್ಕ್ವಾಯ್ಸ್, ಮುತ್ತು, ಹವಳ ಇದ್ದರೆ ನೀರಲ್ಲಿ ನೆನೆಸದೆ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಕಟ್ಟನ್ನು ಹಳೆಯ ರೇಷ್ಮೆ ಸೀರೆಯ ತುಂಡಿನ ಮೇಲೆ ನಾಲ್ಕೂ ದಿಕ್ಕಿಗೆ ಎಳೆಯಿರಿ. ಒಂದೆಳೆ ನೂಲು ಸಿಕ್ಕಿಕೊಂಡರೂ ಅಲ್ಲಿ ಅಂಚು ಎದ್ದಿದೆ ಅಂತ ಅರ್ಥ, ಆ ಮೂಲೆಗೆ ವಾಪಸ್ ಹೋಗಿ ಇನ್ನೊಂದು ಸಲ ತಿಕ್ಕಿ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಸದ್ದು ಬಂದರೆ ಕಲ್ಲು ಇನ್ನೂ ಸಡಿಲ ಇದೆ, ಕೊಡುವ ಮುಂಚೆ ಸರಿ ಮಾಡಿ.